ನೂರು ಕುರ್ಚಿ, ಒಂಬತ್ತು ಜನ: ಊರಿನ ಲೈಬ್ರರಿಗೆ ಜನ ಬರುವುದು ಯಾವಾಗ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ. ಕಳೆದ ನವೆಂಬರ್‌ನಲ್ಲಿ ಗ್ರಂಥಾಲಯ ಸಪ್ತಾಹಕ್ಕೆ ಅಂತ ಕವಿಗೋಷ್ಠಿ ಇಟ್ಟುಕೊಂಡೆವು. ಶಾಮಿಯಾನ, ಮೈಕ್ ಸೆಟ್, 100 ಕುರ್ಚಿ, ಜಿಲ್ಲಾ ಕೇಂದ್ರದಿಂದ ಮೂವರು ಕವಿಗಳು. ಬೆಳಿಗ್ಗೆ 11 ಗಂಟೆಗೆ ಶುರು. ಊರಿನ ದೊಡ್ಡವರು ಬಂದಿದ್ದು ಒಂಬತ್ತೇ ಜನ. ಕೊನೆಗೆ ಶಾಲೆಯಿಂದ ಮಕ್ಕಳನ್ನು ಕರೆಸಿ ಕೂರಿಸಿದೆವು. ಪಾಪ, ಅರ್ಧ ಮಕ್ಕಳು ನಿದ್ದೆ ಹೋದರು. 13,500 ರೂಪಾಯಿ ಖರ್ಚಾಯಿತು. ಈಗ ಪಂಚಾಯತಿಯಲ್ಲಿ "ನಮ್ಮೂರಲ್ಲಿ ಇದೆಲ್ಲ ನಡೆಯಲ್ಲ, ಪರೀಕ್ಷೆ ಪುಸ್ತಕ ಇಟ್ಟರೆ ಸಾಕು" ಅನ್ನುತ್ತಾರೆ. ಮಕ್ಕಳು ದಿನಾ ಬರುತ್ತಾರೆ, ಆದರೆ ಕೇರಂ ಆಡೋಕೆ. ಪೇಪರ್ ಓದೋಕೆ ಬರುವ ಹಿರಿಯರಿಗೆ ಅವರ ಗಲಾಟೆ ಕಂಡರೆ ಸಿಟ್ಟು. ಒಳ್ಳೆ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀನಿ, ಕಳೆದುಹೋದರೆ ನನ್ನ ಸಂಬಳದಲ್ಲಿ ಹಿಡೀತಾರೆ ಅಂತ ಭಯ. ದೊಡ್ಡವರಿಗೂ ಮಕ್ಕಳಿಗೂ ಆಗುವಂಥ ಕಾರ್ಯಕ್ರಮ ಎರಡು ಕೋಣೆಯ ಲೈಬ್ರರಿಯಲ್ಲಿ ಮಾಡಕ್ಕಾಗುತ್ತಾ? ಮೊಬೈಲ್ ಬಂದ ಮೇಲೆ ಇದೆಲ್ಲ ಮುಗೀತು ಅಂತ ನನಗೂ ಅನ್ನಿಸ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಕವಿಗೋಷ್ಠಿಯ ಬಗ್ಗೆ ತುಂಬಾ ಬರೆದಿದ್ದೀರಿ, ಬೀರುವಿನ ಬೀಗದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಾನು ಆ ಒಂದು ಸಾಲಿನಿಂದ ಶುರು ಮಾಡುತ್ತೇನೆ.

ನಾನು 31 ವರ್ಷ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಸ ಮಾಡಿದವಳು. ಮೊದಲ ಏಳೆಂಟು ವರ್ಷ ನಾನೂ ಒಳ್ಳೆಯ ಪುಸ್ತಕಗಳನ್ನೆಲ್ಲ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆನೆಮರಿಯ ಕಥೆಯೊಂದನ್ನು ಓದಿ ಹೇಳಿದೆ. ಮುಗಿದ ಮೇಲೆ ಎಲ್ಲರೂ ಓಡಿದರು, ಒಬ್ಬ ಹುಡುಗಿ ಮಾತ್ರ ನಿಂತಳು. ಎಂಟು ವರ್ಷ ಇರಬಹುದು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. "ಆ ಪುಸ್ತಕ ಮನೆಗೆ ಕೊಡ್ತೀರಾ? ಇವನಿಗೆ ಚಿತ್ರ ತೋರಿಸ್ಬೇಕು" ಅಂದಳು. ಅಷ್ಟರಲ್ಲಿ ನಾನು ಪುಸ್ತಕ ಒಳಗಿಟ್ಟು ಬೀಗ ಹಾಕಿಯಾಗಿತ್ತು. ಅವಳಿಗೆ ಸದಸ್ಯತ್ವದ ಕಾರ್ಡೂ ಇರಲಿಲ್ಲ. "ಅಪ್ಪನನ್ನು ಕರ್ಕೊಂಡು ಬಾ, ಕಾರ್ಡ್ ಮಾಡಿಸೋಣ" ಅಂದೆ. ತಲೆಯಾಡಿಸಿ ಹೋದಳು. ಆ ರಜೆಯಲ್ಲಿ ಮತ್ತೆ ಬರಲೇ ಇಲ್ಲ. ಅವತ್ತು 40 ಮಕ್ಕಳು ಬಂದಿದ್ದರು, ಪತ್ರಿಕೆಯಲ್ಲಿ ಫೋಟೊ ಬಂತು, ಮೇಲಿನವರು ಶಹಬ್ಬಾಸ್ ಅಂದರು. ಒಂದು ಪುಸ್ತಕವೂ ಮನೆಗೆ ಹೋಗಲಿಲ್ಲ.

ಅಂದಿನಿಂದ ಲೈಬ್ರರಿಯ ಯಾವ ಕಾರ್ಯಕ್ರಮವನ್ನಾದರೂ ನಾನು ಒಂದೇ ಲೆಕ್ಕದಲ್ಲಿ ನೋಡುತ್ತೇನೆ. ಅದು ಮುಗಿದ ಅರ್ಧ ಗಂಟೆಯೊಳಗೆ ಎಷ್ಟು ಪುಸ್ತಕ ಬಾಗಿಲು ದಾಟಿದವು? ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ "ಪುಸ್ತಕಗಳಿರುವುದು ಬಳಕೆಗೆ" ಅನ್ನುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಆಗಿದ್ದು ಆ ಹುಡುಗಿ ಹೋದ ಮೇಲೆ.

ಹಾಗಂತ ನಿಮ್ಮ ಭಯ ಸುಳ್ಳೇನಲ್ಲ. ದಾಸ್ತಾನು ಪರಿಶೀಲನೆಗೆ ಬಂದಾಗ ಪುಸ್ತಕ ಕಡಿಮೆ ಬಿದ್ದರೆ ಕೇಳುವುದು ನಿಮ್ಮನ್ನೇ. ಇದಕ್ಕೆ ಧೈರ್ಯ ಹೇಳಿದರೆ ಸಾಲದು, ಕಾಗದ ಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಅಂತ ಒಂದಿದೆ. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಓದಿದ ಪ್ರತಿ 1,000 ಪುಸ್ತಕಕ್ಕೆ ಐದು ಕಳೆದುಹೋದರೆ, ಅದನ್ನು ಸಹಜ ನಷ್ಟ ಎಂದು ಒಪ್ಪಬಹುದು ಅನ್ನುತ್ತದೆ ಅದು. ಮೋಸವೋ ಅಸಡ್ಡೆಯೋ ಕಾರಣ ಆಗಿರಬಾರದು, ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯದು ಅಥವಾ ಅಪರೂಪದ್ದು ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ನಿಯಮ ಕೇಂದ್ರದ ಗ್ರಂಥಾಲಯಗಳಿಗೆ ಸೇರಿದ್ದು, ನಿಮ್ಮ ಪಂಚಾಯತಿಯನ್ನು ಅದು ಕಟ್ಟಿಹಾಕುವುದಿಲ್ಲ. ಆದರೆ ಅದರ ಒಂದು ಪ್ರತಿಯನ್ನು ಪಿಡಿಓ ಅವರಿಗೆ ಕೊಟ್ಟು, ಇದೇ ಮಾದರಿಯಲ್ಲಿ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಬೇಡ. ಪಿಡಿಓ ವರ್ಗವಾದರೆ ಮಾತೂ ಅವರ ಜೊತೆಗೇ ಹೋಗುತ್ತದೆ. ಠರಾವು ಆಗುವ ತನಕ ದುಬಾರಿ ನಿಘಂಟು, ವಿಶ್ವಕೋಶಗಳನ್ನು ಬೀರುವಿನಲ್ಲೇ ಇಡಿ. ಮಕ್ಕಳ ತೆಳು ಪುಸ್ತಕಗಳನ್ನು ಇವತ್ತೇ ಹೊರಗೆ ತನ್ನಿ. ಅವರ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ನೇತುಹಾಕಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟ ಪುಸ್ತಕವನ್ನು ಆರು ವರ್ಷದ ಮಗು ಕೈಗೆತ್ತಿಕೊಳ್ಳುವುದು ಕಷ್ಟ.

ಈಗ ಕವಿಗೋಷ್ಠಿಗೆ ಬರೋಣ. "ನಮ್ಮೂರಲ್ಲಿ ಇದೆಲ್ಲ ನಡೆಯಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗ್ರಂಥಾಲಯ ಸಪ್ತಾಹ ನವೆಂಬರ್ 14ರಿಂದ 20. ಮಳೆ ಹಿಂದೆ ಮುಂದೆ ಆದ ವರ್ಷ ನಿಮ್ಮ ಕಡೆ ಅದು ಶೇಂಗಾ ಕಿತ್ತು ಒಣಗಿಸುವ ಹೊತ್ತು. ಬೆಳಿಗ್ಗೆ 11 ಗಂಟೆಗೆ ಹೊಲ ಬಿಟ್ಟು ಯಾರು ಬರುತ್ತಾರೆ ಹೇಳಿ? ಬಂದರೂ ಅವರಿಗೆ ಅಲ್ಲಿ ಏನು ಕೆಲಸ ಇತ್ತು? ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ನಾನು ಇಂಥವು ನೂರಾರು ನೋಡಿದ್ದೇನೆ, ಸುಮಾರು ಮಾಡಿಸಿಯೂ ಇದ್ದೇನೆ. ಅದರಲ್ಲಿ ಮಾತೆಲ್ಲ ವೇದಿಕೆಯವರದ್ದು. ಕೇಳುವವನಿಗೆ ಕುರ್ಚಿ ತುಂಬುವುದು ಬಿಟ್ಟು ಬೇರೆ ಪಾತ್ರ ಇರುವುದಿಲ್ಲ. ಜನರಿಗೆ ಸಾಹಿತ್ಯ ಬೇಡವಾಗಿದೆ ಅಂತ ಅದರಿಂದ ತಿಳಿಯಬೇಡಿ.

ಒಬ್ಬರು ಓದುವುದು, ಹತ್ತು ಜನ ಕೂತು ಕೇಳುವುದು ನಮಗೆ ಹೊಸದೇನಲ್ಲ. ಗಮಕ ಅಂದರೆ ಅದೇ ತಾನೆ? ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಕಿವಿಯಿಂದಲೇ ಬಲ್ಲವರಾಗಿದ್ದರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ನಿಮಗೆ ನೆನಪಿರಬಹುದು. ಕರಾವಳಿಯಲ್ಲಿ ತಾಳಮದ್ದಳೆಗೆ ಇವತ್ತೂ ರಾತ್ರಿಯಿಡೀ ಕೂರುತ್ತಾರೆ. ಗಟ್ಟಿಯಾಗಿ ಓದುವುದನ್ನು ಕೇಳುವ ಅಭ್ಯಾಸ ನಮ್ಮ ಜನರಿಗೆ ಇದೆ. ನೀವು ಆ ಅಭ್ಯಾಸವನ್ನು ಹಿಡಿದು ಹೋಗಬೇಕು.

ಮೊಬೈಲ್ ಮಾತು. ಅದು ಸಮಯ ತಿನ್ನುತ್ತದೆ, ಸುಳ್ಳಲ್ಲ. ಆದರೆ ಮೊಬೈಲ್ ಬರುವ ಮೊದಲು ನಿಮ್ಮ ಊರಿನ ಮಕ್ಕಳ ಕೈಯಲ್ಲಿ ಕಥೆ ಪುಸ್ತಕ ಇತ್ತೇ? ನಾನು ಕೆಲಸ ಮಾಡಿದ ಹೆಚ್ಚಿನ ಕಡೆ ಇರಲಿಲ್ಲ. ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಪಂಚಾಂಗ ಮಾತ್ರ. ಮಕ್ಕಳು ಓದುವುದನ್ನು ಬಿಟ್ಟರು ಅನ್ನುವುದಕ್ಕಿಂತ ಅವರಿಗೆ ಶುರುವಾಗುವ ಅವಕಾಶವೇ ಸಿಕ್ಕಿರಲಿಲ್ಲ ಅನ್ನುವುದು ಸರಿ. ಅವರು ಕೇರಂಗೆ ಬರುತ್ತಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. ಮಗು ತಾನಾಗಿ ದಿನಾ ನಿಮ್ಮ ಹೊಸಿಲು ದಾಟಿ ಬರುತ್ತಿದೆ. ಎಷ್ಟೋ ಲೈಬ್ರರಿಗಳಿಗೆ ಅಷ್ಟೂ ಸಿಕ್ಕಿಲ್ಲ.

ಮಕ್ಕಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬೇಗ ಫಲ ಕಾಣುವುದು ಇಲ್ಲೇ. ವಾರಕ್ಕೊಂದು ದಿನ, ಒಂದೇ ಹೊತ್ತು, ಅರ್ಧ ಗಂಟೆ. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ ಇರುವುದರಿಂದ ಮಧ್ಯಾಹ್ನ ಮೂರೂವರೆ ಚೆನ್ನಾಗಿ ಹೊಂದುತ್ತದೆ. ಯಾರೇ ಬರಲಿ, ಬಿಡಲಿ, ಆ ಹೊತ್ತಿಗೆ ನೀವು ಜಮಖಾನ ಹಾಸಿ ಕೂತಿರಬೇಕು. ಪುಸ್ತಕವನ್ನು ಹಿಂದಿನ ದಿನವೇ ಎರಡು ಸಲ ಓದಿಕೊಳ್ಳಿ. ಓದುವಾಗ ಅದನ್ನು ನಿಮ್ಮ ಮುಖದ ಮುಂದೆ ಹಿಡಿಯಬೇಡಿ. ಭುಜದ ಪಕ್ಕಕ್ಕೆ, ಚಿತ್ರ ಮಕ್ಕಳ ಕಡೆ ಇರುವ ಹಾಗೆ ಹಿಡಿದು, ನೀವು ಓರೆಯಾಗಿ ನೋಡಿಕೊಂಡು ಓದಿ. ಎರಡು ದಿನ ಕುತ್ತಿಗೆ ನೋಯುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹಾಳೆ ತಿರುವುವ ಮೊದಲು ಒಂದು ಕ್ಷಣ ನಿಲ್ಲಿ. "ಈಗ ಏನಾಗಬಹುದು?" ಅಂತ ಕೇಳಿ. ಮಕ್ಕಳು ಏನೇ ಹೇಳಲಿ, ಸರಿ ತಪ್ಪು ಅನ್ನಬೇಡಿ, ಹಾಳೆ ತಿರುಗಿಸಿ. ಪುಸ್ತಕದ ಕನ್ನಡ ಗಟ್ಟಿ ಅನ್ನಿಸಿದರೆ ಒಂದು ಸಾಲು ಇದ್ದ ಹಾಗೆ ಓದಿ, ಅದನ್ನೇ ನಿಮ್ಮೂರ ಮಾತಲ್ಲಿ ಹೇಳಿ, ಮುಂದೆ ಹೋಗಿ.

ಮುಗಿದ ಮೇಲೆ "ಈ ಕಥೆಯ ನೀತಿ ಏನು?" ಅಂತ ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಅಲ್ಲಿ ಶಾಲೆ ಶುರುವಾಗುತ್ತದೆ, ಮಕ್ಕಳ ಬೆನ್ನು ನೆಟ್ಟಗಾಗುತ್ತದೆ, ಮುಖ ಗಂಟಾಗುತ್ತದೆ. ನಾನು ಅದನ್ನು ಬಿಟ್ಟ ವರ್ಷವೇ ಮಕ್ಕಳು "ಅದನ್ನೇ ಇನ್ನೊಂದ್ಸಲ ಓದಿ ಮಿಸ್" ಅನ್ನಲು ಶುರು ಮಾಡಿದರು. ಕೇಳಿದರೆ ಓದಿ. ಮೂರನೆಯ ಸಲಕ್ಕೆ ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಮಗುವೂ ಸಾಲುಗಳನ್ನು ನಿಮಗಿಂತ ಮುಂಚೆ ಹೇಳುತ್ತದೆ. ಆ ಮಗುವಿಗೆ ಆ ಪುಸ್ತಕವನ್ನು ಮನೆಗೆ ಕೊಡಿ. ಕಿವಿಗೆ ಗೊತ್ತಿರುವ ಸಾಲನ್ನು ಕಣ್ಣು ಬೇಗ ಹಿಡಿಯುತ್ತದೆ.

ಇದರ ತೊಂದರೆಗಳೂ ಇವೆ. ಐದು ವರ್ಷದವರೂ ಹನ್ನೆರಡರವರೂ ಒಟ್ಟಿಗೆ ಕೂತರೆ ದೊಡ್ಡ ಮಕ್ಕಳಿಗೆ ಬೇಜಾರು. ಅವರಿಗೆ ಕೆಲಸ ಕೊಡಿ. ತಿಂಗಳಿಗೊಮ್ಮೆ ಏಳನೇ ಕ್ಲಾಸಿನವರು ಚಿಕ್ಕವರಿಗೆ ಓದಿ ಹೇಳಲಿ. ಎಲ್ಲವೂ ನಿಮ್ಮೊಬ್ಬರ ಮೇಲೆ ನಿಂತರೆ ನಿಮಗೆ ಜ್ವರ ಬಂದ ವಾರ ಎಲ್ಲ ನಿಲ್ಲುತ್ತದೆ. ಆದ್ದರಿಂದ ಮೊದಲ ತಿಂಗಳಲ್ಲೇ ಇನ್ನೊಬ್ಬರನ್ನು ತಯಾರು ಮಾಡಿ. ಅಂಗನವಾಡಿ ಟೀಚರ್, ಕಾಲೇಜಿಗೆ ಹೋಗುವ ಹುಡುಗಿ, ಯಾರಾದರೂ ಆಗಬಹುದು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಕತ್ತಲಾಗುವ ಮೊದಲು ಮುಗಿಯಬೇಕು, ತಂದೆತಾಯಿ ಒಪ್ಪದೆ ಮಕ್ಕಳ ಫೋಟೊ ವಾಟ್ಸಾಪ್‌ಗೆ ಹಾಕಬಾರದು. ಈ ಮೂರರಲ್ಲಿ ಸಡಿಲಿಕೆ ಬೇಡ.

ಸ್ಪರ್ಧೆ ಇಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಅಂತ ನಾನೂ ಒಂದು ವರ್ಷ ಮಾಡಿದ್ದೆ. ಚೆನ್ನಾಗಿ ಓದುವ ನಾಲ್ಕು ಮಕ್ಕಳು ತೆಳು ತೆಳು ಪುಸ್ತಕ ಹುಡುಕಿ ರಾಶಿ ಹಾಕಿದರು. ಮಿಕ್ಕವರು ಎರಡನೇ ವಾರಕ್ಕೇ ಕೈಬಿಟ್ಟರು. ಸ್ಪರ್ಧೆಯ ಬದಲು ಗೋಡೆ ಪತ್ರಿಕೆ ಮಾಡಿಸಿ. ಅಜ್ಜಿಯ ಹತ್ತಿರ ಒಗಟು, ಗಾದೆ, ಸೋಬಾನೆ ಪದ ಕೇಳಿ ಬರೆದು ತರಲಿ. ಹಾಳೆಯ ಕೆಳಗೆ ಮಗುವಿನ ಹೆಸರೂ ಅಜ್ಜಿಯ ಹೆಸರೂ ಇರಲಿ. ತನ್ನ ಹೆಸರು ನೋಡಲು ಅಜ್ಜಿ ಲೈಬ್ರರಿಗೆ ಬರುತ್ತಾಳೆ. ನಾನು ಕಂಡ ಮಟ್ಟಿಗೆ, ದೊಡ್ಡ ಹೆಂಗಸರನ್ನು ಲೈಬ್ರರಿಯೊಳಗೆ ತಂದ ಕಾರ್ಯಕ್ರಮ ಇದಕ್ಕಿಂತ ಬೇರೆ ಇಲ್ಲ.

ಇನ್ನು ದೊಡ್ಡವರು. ಅವರನ್ನು ಕರೆಯುವುದಕ್ಕಿಂತ ಅವರು ಈಗಾಗಲೇ ಸೇರುವ ಕಡೆ ನೀವು ಹೋಗುವುದು ಸುಲಭ. ಸ್ತ್ರೀಶಕ್ತಿ ಸಂಘದ ವಾರದ ಸಭೆ ಇದೆಯಲ್ಲ, ಅಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ 15 ನಿಮಿಷ ಕೇಳಿಕೊಳ್ಳಿ. ಒಂದೂರಿನಲ್ಲಿ ನಾನು ಹೀಗೆ ಹೋದಾಗ ಅವರು ಬಿತ್ತನೆಗೆ ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನು ಸೊಸೆಯೊಬ್ಬಳ ಕಥೆ ಓದುತ್ತಾ ಹೋದೆ. ಮೊದಲು ಸಿಪ್ಪೆ ಒಡೆಯುವ ಚಟಪಟ ಸದ್ದು ಜೋರಾಗಿತ್ತು. ಸೊಸೆ ತವರಿಗೆ ಹೊರಡುವ ಜಾಗ ಬಂದಾಗ ಸದ್ದು ನಿಂತಿತು. ಕೈಗಳೆಲ್ಲ ಮೊರದ ಮೇಲೆ ಹಾಗೇ ಇದ್ದವು. ಸಮಯ ಆಯಿತು ಅಂತ ನಾನು ನಿಲ್ಲಿಸಿದೆ. "ಆಮೇಲೇನಾತು ಹೇಳಿ ಹೋಗ್ರಿ" ಅಂದರು. ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ವಾರ ಅದು ಮೂರು ಮನೆ ಸುತ್ತಿತ್ತು. ಓದಲು ಬಾರದವರಿಗೆ ಮಗಳು ಓದಿ ಹೇಳಿದ್ದಳು.

ಗಂಡಸರಿಗೆ ಹಾಲಿನ ಡೈರಿ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಎಲ್ಲರೂ ನಿಲ್ಲುವ ಜಾಗ ಅದು. ನಿಮ್ಮ ನೋಟಿಸು ಪಂಚಾಯತಿ ಬೋರ್ಡಿಗಿಂತ ಅಲ್ಲಿದ್ದರೆ ಜಾಸ್ತಿ ಜನ ನೋಡುತ್ತಾರೆ. ಸಂಜೆ ಹಾಲು ಹಾಕಿದ ಮೇಲೆ, ತಿಂಗಳಿಗೊಂದು ದಿನ, "ಒಂದು ಕಥೆ, ಒಂದು ಟೀ" ಅಂತ ಬರೆದು ಹಾಕಿ. ಮನೆಯಲ್ಲಿ ಓದಿಕೊಂಡು ಬನ್ನಿ ಅನ್ನಬೇಡಿ, ಅಲ್ಲೇ ಓದಿ. 20 ನಿಮಿಷಕ್ಕೆ ಮುಗಿಯುವ ಕಥೆ ಇರಲಿ. ಆಮೇಲೆ "ಇದರಲ್ಲಿ ನಿಮಗೆ ಗೊತ್ತಿರೋರ ಹಾಗೆ ಕಂಡೋರು ಯಾರು?" ಅಂತ ಕೇಳಿದರೆ ಸಾಕು. ಇಲ್ಲಿ ಎರಡು ಅಪಾಯಗಳಿವೆ. ಚೆನ್ನಾಗಿ ಮಾತು ಬಲ್ಲ ಒಬ್ಬರು ಇಡೀ ಸಂಜೆಯನ್ನು ಭಾಷಣ ಮಾಡಿಬಿಡಬಹುದು. ಅದಕ್ಕೇ ಎಲ್ಲರೂ ಒಂದು ಸುತ್ತು ಮಾತಾಡುವ ತನಕ ಯಾರಿಗೂ ಎರಡನೇ ಸಲ ಇಲ್ಲ ಅಂತ ಮೊದಲೇ ಹೇಳಿ. ಎರಡನೆಯದು, ಮಾತು ಪಕ್ಷಕ್ಕೋ ಜಾತಿಗೋ ತಿರುಗಬಹುದು. ಆಗ ಪುಸ್ತಕ ಎತ್ತಿಕೊಂಡು ಅದೇ ಭಾಗವನ್ನು ಮತ್ತೆ ಓದಿ. ಮಾತು ಕಥೆಗೆ ವಾಪಸ್ ಬರುತ್ತದೆ.

ಜಾತಿಯ ಮಾತು ಬಂತು, ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ. ನಿಮ್ಮ ಲೈಬ್ರರಿ ಯಾವ ಕೇರಿಯಲ್ಲಿದೆ? ದೇವಸ್ಥಾನದ ಪಕ್ಕದಲ್ಲೋ ದೊಡ್ಡವರ ಬೀದಿಯಲ್ಲೋ ಇದ್ದರೆ ಕೆಲವು ಮನೆಯವರು ಕರೆದರೂ ಬರಲು ಹಿಂಜರಿಯುತ್ತಾರೆ, ಅವರ ಮಕ್ಕಳೂ ಹಿಂಜರಿಯುತ್ತಾರೆ. ಯಾವ ಕೇರಿಯ ಮಕ್ಕಳು ಬರುತ್ತಿಲ್ಲ ಅಂತ ರಿಜಿಸ್ಟರ್ ತೆಗೆದು ನೋಡಿ. ತಿಂಗಳಿಗೊಂದು ಶನಿವಾರ ಪುಸ್ತಕದ ಚೀಲ ಹೊತ್ತು ಅಲ್ಲಿಗೇ ಹೋಗಿ. ಎಲ್ಲಿಯೇ ಆಗಲಿ, ಎಲ್ಲರಿಗೂ ಒಂದೇ ಜಮಖಾನ.

ಪೇಪರ್ ಓದುವ ಹಿರಿಯರದ್ದೂ ಪರೀಕ್ಷೆಗೆ ಓದುವ ಹುಡುಗರದ್ದೂ ನ್ಯಾಯವಾದ ಬೇಡಿಕೆ. ಅವರಿಗೆ ಸದ್ದಿಲ್ಲದ ಹೊತ್ತು ಬೇಕು. ಎರಡು ಕೋಣೆ ಇವೆ ಅಂದಿರಿ, ಒಂದು ಅವರಿಗೇ ಬಿಟ್ಟುಕೊಡಿ. ಕಥೆಯ ಅರ್ಧ ಗಂಟೆ ಯಾವಾಗ ಅಂತ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಹಾಕಿ. ಗೊತ್ತಿಲ್ಲದೆ ಬರುವ ಗಲಾಟೆಗೆ ಸಿಟ್ಟು ಬರುತ್ತದೆ, ಗೊತ್ತಿರುವ ಗಲಾಟೆಯನ್ನು ಜನ ಸಹಿಸಿಕೊಳ್ಳುತ್ತಾರೆ. ಆ ಹಿರಿಯರಲ್ಲೇ ಒಬ್ಬರನ್ನು "ಸರ್, ಈ ವಾರ ನೀವು ಚಿಕ್ಕವರಿದ್ದಾಗಿನ ಒಂದು ಕಥೆ ಹೇಳ್ತೀರಾ?" ಅಂತ ಕೇಳಿ ನೋಡಿ. ಇಂಥ ಕರೆಗೆ ಇಲ್ಲ ಅಂದವರನ್ನು ನಾನು ಕಂಡಿದ್ದು ಕಡಿಮೆ.

ಕವಿಗಳನ್ನು ಕರೆಸುವುದನ್ನು ಬಿಡಬೇಕಾಗಿಲ್ಲ. ಆದರೆ ಕರೆಸುವ ಎರಡು ತಿಂಗಳ ಮೊದಲು ಅವರ ಪುಸ್ತಕದ ಐದು ಪ್ರತಿ ತರಿಸಿ, ಓದುಗರ ಕೈಗೆ ಕೊಡಿ. ಓದಿದ ಹತ್ತು ಜನ ಪ್ರಶ್ನೆ ಕೇಳುವ ಸಂಜೆ ಯಾವ ಬರಹಗಾರರಿಗೂ ಸಂತೋಷ ಕೊಡುತ್ತದೆ. ಶಾಮಿಯಾನ ಬೇಡ, ಹಾರ ಬೇಡ, ಬಸ್ ಚಾರ್ಜು ಮತ್ತು ಊಟ ಸಾಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಹಳ ಜನ ಒಪ್ಪುತ್ತಾರೆ.

ದುಡ್ಡಿನ ಬಗ್ಗೆ: ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ವಸೂಲಾಗುತ್ತದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ನಿಮ್ಮ ಮಾತು ಕೇಳಬೇಕಾದವರು ನಿಮ್ಮೂರಲ್ಲೇ ಇದ್ದಾರೆ. ಎಷ್ಟು ಕರ ಬಂತು, ಎಷ್ಟು ಖರ್ಚಾಯಿತು ಅಂತ ಪಿಡಿಓ ಅವರನ್ನು ಲಿಖಿತವಾಗಿ ಕೇಳಿ, ಗ್ರಾಮಸಭೆಯಲ್ಲೂ ಕೇಳಿಸಿ. 2020ರ 'ಓದುವ ಬೆಳಕು' ಅಭಿಯಾನದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಕಥೆಯ ಹೊತ್ತಿಗೆ ಬರುವ ಪ್ರತಿ ಮಗುವಿಗೂ ಅಲ್ಲೇ ಕಾರ್ಡ್ ಮಾಡಿಕೊಡಿ. ಮಕ್ಕಳ ಪುಸ್ತಕ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳಿವೆ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಇಳಿಸಿಕೊಂಡು, ಮುದ್ರಿಸಿ, ಓದಲು ಮುಕ್ತ ಅನುಮತಿ ಇದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರಬೇಕು.

ಬೇರೆಯವರ ಕಥೆಯನ್ನು ಸಾರ್ವಜನಿಕವಾಗಿ ಓದಿದರೆ ಹಕ್ಕುಸ್ವಾಮ್ಯದ ತೊಂದರೆ ಬರುತ್ತದಾ ಅಂತ ಮೇಲ್ವಿಚಾರಕರು ಆಗಾಗ ನನ್ನನ್ನು ಕೇಳುತ್ತಾರೆ. 1957ರ ಕಾಯ್ದೆಯ 52ನೇ ಕಲಮು ಪ್ರಕಟವಾದ ಕೃತಿಯಿಂದ ತಕ್ಕಷ್ಟು ಭಾಗವನ್ನು ಸಾರ್ವಜನಿಕವಾಗಿ ಓದಲು ಅವಕಾಶ ಕೊಟ್ಟಿದೆ. ಓದಿದ್ದನ್ನು ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುವುದು, ಇಡೀ ಪುಸ್ತಕದ ಪಿಡಿಎಫ್ ಹಂಚುವುದು ಬೇರೆ ಮಾತು, ಅದನ್ನು ಮಾಡಬೇಡಿ. ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. ಉದಾಹರಣೆಗೆ, ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಮಕ್ಕಳ ಪದ್ಯಗಳನ್ನು ನೀವು ಗೋಡೆಗೆ ಬರೆಸಬಹುದು, ಹಾಡಿಸಬಹುದು.

ಈ ತಿಂಗಳು ಎಲ್ಲವನ್ನೂ ಶುರು ಮಾಡಬೇಡಿ. ಠರಾವಿಗೆ ಅರ್ಜಿ ಕೊಡಿ, ಮಕ್ಕಳ ಪುಸ್ತಕ ಹೊರಗೆ ತೂಗುಹಾಕಿ, ಶನಿವಾರದ ಕಥೆ ಹಿಡಿಯಿರಿ. ದೊಡ್ಡವರ ಸಂಜೆಯನ್ನು ಶೇಂಗಾ ಮನೆ ಸೇರಿದ ಮೇಲೆ ನೋಡೋಣ. ಮೊದಲ ಶನಿವಾರ ಮೂರೇ ಮಕ್ಕಳು ಬರಬಹುದು, ಆ ಮೂವರಿಗೇ ಓದಿ. ಎರವಲು ರಿಜಿಸ್ಟರ್‌ನಲ್ಲಿ ಶನಿವಾರದ ಪುಟಕ್ಕೆ ಒಂದು ಕೆಂಪು ಗೆರೆ ಎಳೆದಿಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಮುಂದಿನ ಸಪ್ತಾಹಕ್ಕೆ ದುಡ್ಡು ಕೇಳಲು ಹೋದಾಗ ಫೋಟೊ ಆಲ್ಬಂ ಬಿಟ್ಟು ಆ ರಿಜಿಸ್ಟರ್ ತೆಗೆದುಕೊಂಡು ಹೋಗಿ. ಅದರ ಹಿಂದಿನ ದಿನ ಆ ಪುಟಗಳನ್ನು ನನಗೂ ಕಳಿಸಿ, ಸಭೆಯಲ್ಲಿ ಏನು ಹೇಳಬೇಕು ಅಂತ ಕೂತು ಬರೆಯೋಣ.